ಇನ್ನೂರು ಕುರ್ಚಿ, ಒಬ್ಬ ಸಾರ್ವಜನಿಕ

ಐವತ್ತೆರಡು ವರ್ಷದ ಬದುಕಿನಲ್ಲಿ ತೊರೆಪೇಟೆಯ ಚೆಲುವಯ್ಯನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಹೆಂಡತಿ ರಾಧಾಮಣಿ ಮಾತ್ರ ದಿನಾ ಬೆಳಗ್ಗೆ "ಸಾರಿಗೆ ಹುಳ್ಳಿಕಾಳೋ, ಅವರೆಕಾಳೋ?" ಎಂದು ಕೇಳುತ್ತಿದ್ದಳು. ಆದರೆ ಅವಳು ಕೇಳುವ ಹೊತ್ತಿಗೆ ಹುಳ್ಳಿಕಾಳು ಒಲೆಯ ಮೇಲೆ ಬೆಂದು ಘಮ್ಮೆನ್ನುತ್ತಿರುತ್ತಿತ್ತು.

ಚೆಲುವಯ್ಯನದು ಪೇಟೆ ಬೀದಿಯಲ್ಲಿ ಟೆಂಟ್ ಹೌಸ್. ಮದುವೆಯಾಗಲಿ, ತಿಥಿಯಾಗಲಿ, ರಾಜಕೀಯದವರ ಭಾಷಣವಾಗಲಿ, ಶಾಮಿಯಾನ, ಕುರ್ಚಿ, ಪಾತ್ರೆ ಎಲ್ಲ ಅವನ ಅಂಗಡಿಯಿಂದಲೇ ಹೋಗಬೇಕು. ತೊರೆಪೇಟೆಯಲ್ಲಿ ಅವನ ಕುರ್ಚಿಯ ಮೇಲೆ ಕೂರದ ಮನುಷ್ಯನಿರಲಿಲ್ಲ. ಅವನು ಮಾತ್ರ ಯಾವ ಸಮಾರಂಭದಲ್ಲೂ ಕೂತವನಲ್ಲ. ಹಿಂದೆ ಕಂಬದ ಪಕ್ಕ ನಿಂತು, ಇದು ಯಾವಾಗ ಮುಗಿಯುತ್ತದೋ, ಕುರ್ಚಿ ಯಾವಾಗ ಎತ್ತುತ್ತೇನೋ ಎಂದು ಕಾಯುತ್ತಿದ್ದ.

ಇಂಥವನು ಒಂದು ದಿನ ಕೂತ. ಅದೇ ತಪ್ಪಾಯಿತು.

ಅದು ಎರಡು ಸಾವಿರದ ಆರನೇ ಇಸವಿ. ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದಿದ್ದವು, ಬಿಡದಿ ಕಡೆ ಎದ್ದಿದ್ದವು. ಇನ್ನೇನು ನಮ್ಮೂರಿಗೂ ಬಂದೇ ಬಂದವು ಎಂದು ತೊರೆಪೇಟೆಯ ಜನ ಬೆಳಗ್ಗೆ ಎದ್ದು ರಸ್ತೆ ನೋಡುತ್ತಿದ್ದ ಕಾಲ. ಊರನ್ನು ಈ ಭಾಗ್ಯಕ್ಕೆ ಸಜ್ಜು ಮಾಡಲು ಪಟ್ಟಣ ಪಂಚಾಯಿತಿ ಒಂದು ನಗರ ಯೋಜನೆ ತಯಾರಿಸಿತ್ತು. ಅದಕ್ಕೆ ಯಾವುದೋ ದೊಡ್ಡ ಸಂಸ್ಥೆ ಅನುದಾನ ಕೊಡಲು ಒಪ್ಪಿತ್ತು. ಆ ಸಂಸ್ಥೆಯ ಷರತ್ತು ಒಂದೇ: ಯೋಜನೆಯ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು.

ಮುಖ್ಯಾಧಿಕಾರಿ ಅನಂತರಾಜು ತಲೆಯ ಮೇಲೆ ಕೈಹೊತ್ತು ಕೂತರು. ಅವರ ಸರ್ವೀಸಿನಲ್ಲಿ ಎಂತೆಂಥ ಷರತ್ತುಗಳನ್ನೋ ದಾಟಿ ಬಂದಿದ್ದರು. ಸಾರ್ವಜನಿಕರಿಗೆ ತಿಳಿಸಿ ಎಂದರೆ ಬಾಗಿಲ ಹಿಂದೆ ಒಂದು ನೋಟಿಸು ಅಂಟಿಸಬಹುದು. ಸಾರ್ವಜನಿಕರನ್ನು ಕೇಳಿ ಎಂದರೆ ಏನು ಮಾಡುವುದು? ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಸಭೆ ಗೊತ್ತು ಮಾಡಿ, ಪಂಚಾಯಿತಿ ಸಭಾಂಗಣಕ್ಕೆ ಇನ್ನೂರು ಕುರ್ಚಿ ತರಿಸಿದರು.

ಆ ಭಾನುವಾರವೇ ಪಂಚಾಯಿತಿ ಅಧ್ಯಕ್ಷರ ತಮ್ಮನ ಮಗನ ಬೀಗರೂಟ.

ಹಳೇ ಮೈಸೂರಿನ ಕಡೆ ಬೀಗರೂಟ ಎಂದರೇನೆಂದು ಉಂಡವರಿಗೆ ಹೇಳಬೇಕಾಗಿಲ್ಲ. ಮದುವೆಗೆ ಬಾರದವರೂ ಮರುದಿನದ ಮಾಂಸದೂಟಕ್ಕೆ ತಪ್ಪಿಸಿಕೊಳ್ಳುವುದಿಲ್ಲ. ಇಡೀ ತೊರೆಪೇಟೆ ಹನ್ನೆರಡಕ್ಕೇ ಛತ್ರ ಸೇರಿತು. ಛತ್ರಕ್ಕೆ ಹೋಗಬೇಕಿದ್ದ ಅರ್ಧ ಕುರ್ಚಿ ಪಂಚಾಯಿತಿಯಲ್ಲಿ ಉಳಿದಿದ್ದರಿಂದ ಎರಡನೇ ಪಂಕ್ತಿಯವರು ಎಲೆ ಮುಂದೆ ನಿಂತೇ ಇದ್ದರು. ಕುರ್ಚಿ ತರಲು ಚೆಲುವಯ್ಯ ಸಭಾಂಗಣಕ್ಕೆ ಓಡಿಬಂದ.

ಒಳಗೆ ಇನ್ನೂರು ಕುರ್ಚಿಗಳು ಶಿಸ್ತಾಗಿ ಕೂತಿದ್ದವು. ಜನ ಎಂಬುದು ಮೂವರು: ಮುಖ್ಯಾಧಿಕಾರಿಗಳು, ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ ಅಧ್ಯಕ್ಷರು, ಮತ್ತು ನಕ್ಷೆ ಬರೆದ ಬೆಂಗಳೂರಿನ ಎಂಜಿನಿಯರ್ ನಾಗರಾಜು. ಮೂವರೂ ವೇದಿಕೆಯ ಮೇಲಿದ್ದರು.

"ಸಾ, ಮುಗೀತಾ? ಕುರ್ಚಿ ಎತ್ಕೊಳ್ಲಾ?" ಎಂದ ಚೆಲುವಯ್ಯ.

ಅನಂತರಾಜು ಅವರ ಮುಖ ಬೆಳದಿಂಗಳಂತೆ ಬೆಳಗಿತು. "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ವಿ. ಕೂತ್ಕೊಳ್ಳಿ."

ಚೆಲುವಯ್ಯ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಾನಾ ಸಾ?"

"ನೀವೇ. ಮುಂದಿನ ಸಾಲಿಗೆ ಬನ್ನಿ."

ತನ್ನದೇ ಕುರ್ಚಿಯ ಮೇಲೆ ಚೆಲುವಯ್ಯ ಮೊದಲ ಸಲ ಕೂತ. ಕುರ್ಚಿಯ ಒಂದು ಕಾಲು ಕುಂಟುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದುದು ನಿಜವೆಂದು ಅಂದೇ ಅವನಿಗೆ ಗೊತ್ತಾದದ್ದು.

ನಾಗರಾಜು ದೀಪ ಆರಿಸಿ, ಗೋಡೆಯ ಪರದೆಯ ಮೇಲೆ ಪ್ರೊಜೆಕ್ಟರಿನಲ್ಲಿ ತೊರೆಪೇಟೆಯನ್ನು ಮೂಡಿಸಿದ. ಹಳದಿ ಎಂದರೆ ಮನೆಗಳು, ನೀಲಿ ಎಂದರೆ ಅಂಗಡಿಗಳು, ನೇರಳೆ ಎಂದರೆ ಮುಂದೆ ಬರಲಿರುವ ಕೈಗಾರಿಕೆ. ಮಾರ್ಕೆಟ್ಟನ್ನು ಕೆರೆ ಆಚೆ ಸಾಗಿಸುವುದು ಸಾರ್ವಜನಿಕರಿಗೆ ಒಪ್ಪಿಗೆಯೇ ಎಂದು ಕೇಳಿದ.

ಚೆಲುವಯ್ಯನ ಕಣ್ಣಿಗೆ ಎಲೆ ಮುಂದೆ ನಿಂತ ಎರಡನೇ ಪಂಕ್ತಿ ಕಾಣುತ್ತಿತ್ತು. "ಆಗ್ಲಿ ಬುಡಿ."

"ಬಸ್ ನಿಲ್ದಾಣಕ್ಕೆ ಹೊಸ ಜಾಗ?"

"ಆಗ್ಲಿ ಬುಡಿ ಸಾ."

ಹೀಗೆ ಕಾಲು ಗಂಟೆಯಲ್ಲಿ ತೊರೆಪೇಟೆಯ ಮುಂದಿನ ಇಪ್ಪತ್ತು ವರ್ಷ ತೀರ್ಮಾನವಾಯಿತು. ಅಧ್ಯಕ್ಷರು ಎದ್ದೇ ಬಿಟ್ಟರು. ಆದರೆ ನಾಗರಾಜು ಪ್ರಾಮಾಣಿಕ ಹುಡುಗ. "ಒಂದು ಸಲಹೆಯಾದರೂ ಸಾರ್ವಜನಿಕರ ಕಡೆಯಿಂದ ಬರಬೇಕು ಸರ್" ಎಂದು ಪಟ್ಟು ಹಿಡಿದ.

ಏನಾದರೂ ಹೇಳಿದರೆ ಕುರ್ಚಿ ಸಿಗುತ್ತದೆ ಎಂದು ಅರ್ಥವಾಗಿ ಚೆಲುವಯ್ಯ ಯೋಚಿಸಿದ. ಪೇಟೆ ಬೀದಿಗೆ ತಿರುಗುವ ಮೂಲೆಯಲ್ಲಿ ಅವನ ಶಾಮಿಯಾನದ ಕಂಬ ಹೊತ್ತ ಲಾರಿ ಪ್ರತಿ ಸಲವೂ ಸಿಕ್ಕಿಕೊಳ್ಳುತ್ತಿತ್ತು.

"ನಮ್ ಪೇಟೆ ಬೀದಿ ಒಸಿ ಅಗಲ ಆದ್ರೆ ಚೆಂದ ಸಾ" ಎಂದ.

"ಒಸಿ ಅಂದ್ರೆ ಎಷ್ಟು?"

ಇದುವರೆಗೆ ಜಗತ್ತಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಒಸಿ ಎಂದರೆ ಒಸಿ. ಚೆಲುವಯ್ಯ ಎದ್ದು ಮುಂದೆ ಬಂದು, ಪ್ರೊಜೆಕ್ಟರಿನ ಮೂತಿಯ ಮುಂದೆಯೇ ನಿಂತು, ಎರಡು ಕೈಯನ್ನೂ ಮೊಳದಷ್ಟು ಅಗಲ ಮಾಡಿ, "ಇಷ್ಟು" ಎಂದ. ಅವನ ಕೈಗಳ ನೆರಳು ಪರದೆಯ ಮೇಲೆ ಹನುಮಂತನ ಬಾಹುಗಳಂತೆ ಬೆಳೆದು ಪೇಟೆ ಬೀದಿಯ ಎರಡೂ ಬದಿಯ ಮನೆಗಳನ್ನು ಮುಚ್ಚಿತು. ನಾಗರಾಜು ಸ್ಕೇಲು ಹಿಡಿದು ನೆರಳನ್ನು ಅಳೆದ.

"ಎರಡೂ ಕಡೆ ಹದಿನೈದು ಹದಿನೈದು ಅಡಿ. ಬೀದಿ ಉದ್ದಕ್ಕೂ. ಕಂಟೇನರ್ ಲಾರಿ ಬರೋಕೆ ಇದೇ ಬೇಕಿತ್ತು ಸರ್! ಸಾರ್ವಜನಿಕರೇ ಕೇಳಿದ್ರು ಅಂತ ಬರ್ಕೊಳ್ಲಾ?"

"ಬರ್ಕೊಳ್ಳಿ ಬರ್ಕೊಳ್ಳಿ" ಎಂದರು ಅಧ್ಯಕ್ಷರು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ.

ಚೆಲುವಯ್ಯ ಆಗಲೇ ನಾಲ್ಕು ಕುರ್ಚಿಯನ್ನು ತಲೆಗೇರಿಸಿದ್ದ. "ಆಗ್ಲಿ ಬುಡಿ" ಎಂದು ಹೊರಟ.

ಬೀಗರೂಟದಲ್ಲಿ ಮೂಳೆ ಕಡಿಯುತ್ತ ಅವನು ಈ ಸುದ್ದಿಯನ್ನು ಪಕ್ಕದ ಎಲೆಯ ಮಕ್ಬೂಲನಿಗೆ ಹೇಳಿದ. ಮಕ್ಬೂಲ್ ಪೇಟೆ ಬೀದಿಯ ಟೈಲರ್, ಚೆಲುವಯ್ಯನ ಬಾಲ್ಯದ ಗೆಳೆಯ.

"ನನ್ ಅಭಿಪ್ರಾಯ ಕೇಳುದ್ರು ಕಣ್ಲಾ ಮಕ್ಬೂಲ."

"ನಿಂದಾ? ಯಾಕ್ ಭಾಯ್, ಬೇರೆ ಯಾರೂ ಸಿಗ್ಲಿಲ್ವಾ?"

ಸತ್ಯವನ್ನು ಅಷ್ಟು ಸಲೀಸಾಗಿ ಹೇಳಿದವನು ಊರಲ್ಲಿ ಅವನೊಬ್ಬನೇ. ಚೆಲುವಯ್ಯನಿಗೆ ಅದು ಹೊಟ್ಟೆಕಿಚ್ಚಿನಂತೆ ಕೇಳಿಸಿತು. ಆಮೇಲೆ ಕೆಲವು ದಿನ ಅವನ ನಡಿಗೆಯೇ ಬೇರೆಯಾಯಿತು. ಚರಂಡಿ ಕಂಡರೆ ನಿಂತು ಗಂಭೀರವಾಗಿ ನೋಡುತ್ತಿದ್ದ. ದೀಪದ ಕಂಬ ಕಂಡರೆ ತಲೆದೂಗುತ್ತಿದ್ದ. ಒಂದು ದಿನ ತಟ್ಟೆಯ ಮುಂದೆ ಕೂತು, "ಹುಳ್ಳಿಕಾಳು ಮಾಡೋಕ್ ಮುಂಚೆ ನನ್ ಒಂದ್ ಮಾತು ಕೇಳ್ಬೇಕಾಗಿತ್ತು" ಎಂದ.

"ಆಯ್ತು, ಈಗ ಕೇಳ್ತಿದೀನಿ" ಎಂದಳು ರಾಧಾಮಣಿ, ಸೌಟು ಹಿಡಿದು. "ಬಡಿಸ್ಲೋ, ಬ್ಯಾಡ್ವೋ?"

ಚೆಲುವಯ್ಯ ತಟ್ಟೆ ಮುಂದೆ ಸರಿಸಿದ.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಅಳತೆಯ ಟೇಪು, ಕೆಂಪು ಬಣ್ಣದ ಡಬ್ಬಿ ಹಿಡಿದ ಇಬ್ಬರು ಪೇಟೆ ಬೀದಿಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಎರಡೂ ಬದಿಯ ಗೋಡೆಗಳ ಮೇಲೆ ಕೆಂಪು ಗೀಟು ಬಿದ್ದಿತ್ತು. ಹನುಮಂತಯ್ಯನ ಹಿಟ್ಟಿನ ಗಿರಣಿಯಲ್ಲಿ ಗೀಟು ಬೆಲ್ಟಿನ ಮೇಲೆ ಹಾದುಹೋಯಿತು. ಮೋಟರು ಈಚೆ, ಬೀಸುವ ಕಲ್ಲು ಆಚೆ. ಮಕ್ಬೂಲನ ಅಂಗಡಿಯಲ್ಲಿ ಹೊಲಿಗೆ ಮೆಷೀನು, ಕೋಟು ತೊಟ್ಟ ಬೊಂಬೆ ಎರಡೂ ರಸ್ತೆಗೆ ಹೋದವು. ಅವನ ಪಾಲಿಗೆ ಹಿಂದಿನ ಗೋಡೆ ಉಳಿಯಿತು.

ಹನುಮಂತಯ್ಯನ ತಾಯಿ ದೊಡ್ಡಲಕ್ಷ್ಮಮ್ಮ ಗಿರಣಿಯ ಪಕ್ಕದ ಜಗಲಿಯ ಮೇಲೆ ಮಂಚ ಹಾಕಿಕೊಂಡು ಮಲಗುತ್ತಿದ್ದ ಮುದುಕಿ. ಬಣ್ಣದವನು "ಏಳಮ್ಮ" ಎಂದ. ಅವಳು ಏಳಲಿಲ್ಲ. ಅವನು ಮಂಚದ ಪಟ್ಟಿಯ ಮೇಲೇ ಗೀಟೆಳೆದು ಮುಂದೆ ಹೋದ.

"ಅಯ್ಯೋ ನಿನ್ ಮನೆ ಕಾಯ್ವಾಗ! ತಲೆ ಮನೇಲಿ, ಕಾಲು ರಸ್ತೇಲಿ. ಲಾರಿ ಬಂದಾಗೆಲ್ಲ ನಾನು ಕಾಲ್ ಮಡಚ್ಕಬೇಕೇನ್ಲಾ?" ಎಂದು ಅವಳು ಎಬ್ಬಿಸಿದ ಗಲಾಟೆಗೆ ಬೀದಿಗೆ ಬೀದಿಯೇ ಸೇರಿತು.

ಚೆಲುವಯ್ಯನೂ ಬಂದ. ಅವನ ಟೆಂಟ್ ಹೌಸಿನ ಬೋರ್ಡು, ಬಾಗಿಲು, ಪಾತ್ರೆ ಜೋಡಿಸುವ ಜಾಗ ಎಲ್ಲ ಗೀಟಿನ ಆಚೆಯಿತ್ತು. ಅಂಗಡಿಯ ಹಿಂದಿನ ಅವನ ಮನೆ ರೈಲಿನ ಹಾಗೆ ಉದ್ದವಿದ್ದುದರಿಂದ ವಾಸಕ್ಕೆ ತೊಂದರೆಯಿರಲಿಲ್ಲ, ಆದರೂ ರಕ್ತ ಕುದಿಯಿತು. ತಾನು ಕೇಳಿದ್ದು ಮೂಲೆಯಲ್ಲಿ ಒಂದು ಮೊಳ. ಈ ಅನ್ಯಾಯಕ್ಕೂ ಅದಕ್ಕೂ ಸಂಬಂಧವಿದೆ ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಮೇಲಾಗಿ ಪಂಚಾಯಿತಿಯಲ್ಲಿ ತನ್ನ ಮಾತಿಗೆ ಬೆಲೆಯಿದೆ ಎಂಬ ನಂಬಿಕೆ ಬೇರೆ.

"ನಡೀರ್ಲಾ! ನಾನಿವ್ನಿ. ಮಾತಾಡ್ತೀನಿ" ಎಂದು ಮುಂದಾದ. ನಲವತ್ತು ಜನ ಅವನ ಹಿಂದೆ ಹೊರಟರು. ದೊಡ್ಡಲಕ್ಷ್ಮಮ್ಮನನ್ನು ಮಗ ಕೈಹಿಡಿದು ಕರೆತಂದ.

ಅನಂತರಾಜು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ನೋಡಿ, ಇದು ನಾವು ಮಾಡಿದ್ದಲ್ಲ. ಸಾರ್ವಜನಿಕ ಸಭೆಯಲ್ಲಿ ತೀರ್ಮಾನ ಆಗಿದೆ. ಸಾರ್ವಜನಿಕರು ಒಪ್ಪಿದ್ದಾರೆ. ಒಪ್ಪೋದೇನು, ಅವರೇ ಕೇಳಿದ್ದಾರೆ."

"ಯಾರ್ ಸಾ ಕೇಳಿದ್ದು?" ಚೆಲುವಯ್ಯ ಮೇಜು ಗುದ್ದಿದ. ಮೇಜಿನ ಮೇಲಿನ ಲೋಟ ಹಾರಿ ಬಿತ್ತು. ಹಿಂದಿದ್ದವರು ಶಭಾಷ್ ಎಂದರು. ಆ ಶಭಾಷ್‌ಗೆ ಅವನು ಇನ್ನೊಮ್ಮೆ ಗುದ್ದಿದ. "ನಮ್ ಹೊಟ್ಟೆ ಮೇಲ್ ಹೊಡ್ದು ಲಾರಿ ಓಡ್ಸಿ ಅಂದ ಆ ಸಾರ್ವಜನಿಕ ಯಾವನು? ಗಂಡಸಾದ್ರೆ ಅವ್ನು ನಮ್ ಮುಂದ್ಕೆ ಬರ್ಲಿ! ಕರೀರಿ ಅವನ್ನ!"

"ಕರೀರಿ! ಕರೀರಿ!" ಎಂದಿತು ಗುಂಪು.

ಅನಂತರಾಜು ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದರು. ಬಹಳ ಸೌಮ್ಯವಾಗಿ, "ನೀವೇ ಅಲ್ವಾ?" ಎಂದರು.

ಅವರು ಕಡತ ತೆಗೆದು ಒಂದು ಹಾಳೆಯನ್ನು ಅವನ ಮುಂದಿಟ್ಟರು.

"ಅವತ್ತು ಭಾನುವಾರ, ಪರದೆ ಮುಂದೆ ನಿಂತು, ಇಷ್ಟು ಅಂತ ಕೈಯಲ್ಲಿ ತೋರಿಸಿದ್ರಲ್ಲ. ಆ ಹದಿನೈದು ಅಡಿ."

ಚೆಲುವಯ್ಯ ತನ್ನ ಕೈಗಳನ್ನು ನೋಡಿಕೊಂಡ. ಮೇಜು ಗುದ್ದಿದ ಕೈ ಇನ್ನೂ ಮುಷ್ಟಿಯಾಗಿತ್ತು. ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಹಿಂದೆ ತಿರುಗಿದರೆ ನಲವತ್ತು ಮುಖ.

"ಅದು... ಒಸಿ ಅಂದೆ ನಾನು" ಎಂದ.

"ಲೋ ಚೆಲುವ," ಎಂದಳು ದೊಡ್ಡಲಕ್ಷ್ಮಮ್ಮ, "ನಿನ್ ಒಸಿಗೆ ಬೆಂಕಿ ಹಾಕ."

ಅಂದಿನಿಂದ ಪೇಟೆ ಬೀದಿ ಅವನೊಂದಿಗೆ ಮಾತು ಬಿಟ್ಟಿತು. ಪಕ್ಕದ ಮನೆಯವರ ನಾಮಕರಣಕ್ಕೆ ಮಾಗಡಿಯಿಂದ ಶಾಮಿಯಾನ ಬಂತು. ಮಕ್ಬೂಲ್ ಅವನ ಅರ್ಧ ಹೊಲಿದ ಅಂಗಿಯನ್ನು, ತೋಳೇ ಇಲ್ಲದೆ, ಮಡಿಸಿ ಕಳಿಸಿಕೊಟ್ಟ. ಇಷ್ಟಕ್ಕೇ ನಿಂತಿದ್ದರೆ ಚೆಲುವಯ್ಯ ತಲೆತಗ್ಗಿಸಿ ಕಾಲ ನೂಕುತ್ತಿದ್ದ. ಮೂರನೇ ದಿನ ಬೆಳಗ್ಗೆ ಬಾಗಿಲು ತೆಗೆದರೆ, ಹೊಸ್ತಿಲ ಮುಂದೆ ಮಂಚ. ಮಂಚದ ಮೇಲೆ ದೊಡ್ಡಲಕ್ಷ್ಮಮ್ಮ.

"ಒಳೀಕ್ ಎತ್ತಾಕ್ಲಾ ಮಂಚವ" ಎಂದಳು.

"ಯಾಕಜ್ಜಿ?"

"ನನ್ ಜಗಲಿ ಕೊಟ್ಟೋನು ನೀನು. ನಾನ್ ಇನ್ನೆಲ್ಲಿ ಮಲಿಕ್ಕಳ್ಲಿ? ನಿನ್ ಮನೆ ಉದ್ದಕ್ಕೈತೆ."

ರಾಧಾಮಣಿ ಒಳಗಿನಿಂದ ಬಂದು ನೋಡಿ, ಮಂಚದ ಆ ಕಡೆಯ ಕಾಲು ಹಿಡಿದಳು. ಚೆಲುವಯ್ಯ ಈ ಕಡೆಯದು ಹಿಡಿದ. ಅಜ್ಜಿ ಇಳಿಯಲಿಲ್ಲ. ಮಂಚವನ್ನೂ ಅಜ್ಜಿಯನ್ನೂ ಒಟ್ಟಿಗೆ ಹೊತ್ತು ನಡುಮನೆಯಲ್ಲಿ, ಫ್ಯಾನಿನ ಕೆಳಗೆ ಇಳಿಸಿದರು.

ಈ ಉಪಾಯ ಬೀದಿಗೆ ತುಂಬ ಹಿಡಿಸಿತು. ಮಧ್ಯಾಹ್ನಕ್ಕೆ ಹನುಮಂತಯ್ಯ ಗಿರಣಿಯ ತಕ್ಕಡಿ, ರಾಗಿ ಮೂಟೆಗಳನ್ನು ತಂದು ಇಳಿಸಿದ. "ನಮ್ಮವ್ವನ್ನ ಬುಟ್ಟು ನನಗೆ ಇರಕ್ಕಾಗಲ್ಲ ಕಣಪ್ಪ" ಎಂದ, ಕಣ್ಣಲ್ಲಿ ನೀರಿಲ್ಲದೆ. ಸಂಜೆಗೆ ಮಕ್ಬೂಲನ ಹೊಲಿಗೆ ಮೆಷೀನು ಬಂತು, ಹಿಂದೆಯೇ ಕೋಟು ತೊಟ್ಟ ಬೊಂಬೆ. ಮಾರನೇ ದಿನ ಬೀಡಾ ಅಂಗಡಿಯ ಮುಂದಿನ ಬೆಂಚು ಬಂತು. ಬೆಂಚಿನ ಮೇಲೆ ದಿನವಿಡೀ ಪೇಪರು ಓದುತ್ತ ಕೂರುತ್ತಿದ್ದ ಮೂವರೂ ಅದರ ಜೊತೆಗೇ ಬಂದು, ಬೆಂಚನ್ನು ಗೋಡೆಗೆ ಹಾಕಿಸಿಕೊಂಡು, ಓದಿ ನಿಲ್ಲಿಸಿದ್ದ ಸಾಲಿನಿಂದಲೇ ಮುಂದುವರಿದರು.

ಹೀಗೆ ಪೇಟೆ ಬೀದಿಯ ಮುಂಭಾಗ ಚೆಲುವಯ್ಯನ ಮನೆಯೊಳಗೆ ಬಂದು ಸೇರಿತು. ಹಿಟ್ಟಿಗೆ ಬಂದವರು ಅಡಿಗೆಮನೆ ಬಾಗಿಲಲ್ಲಿ ಸಾಲು ನಿಂತರು. ರವಿಕೆ ಅಳತೆ ಕೊಡಲು ಬಂದ ಹೆಂಗಸರು ಹಿತ್ತಲವರೆಗೆ ಹಬ್ಬಿದರು. ಸೋಲೂರಿನಿಂದ ಬಂದ ಚೆಲುವಯ್ಯನ ಭಾವಮೈದ, ಮಬ್ಬುಗತ್ತಲಲ್ಲಿ ಬೊಂಬೆಗೆ ಕೈಮುಗಿದು "ಯಾವೂರಾಯ್ತು ತಮ್ದು?" ಎಂದು ವಿಚಾರಿಸಿ, ಉತ್ತರ ಬರದಿದ್ದಕ್ಕೆ ಅವಮಾನವಾಗಿ ಊಟ ಮಾಡದೆ ಹೊರಟುಹೋದ.

"ಏನಂದ್ರೆ," ಎಂದಳು ರಾಧಾಮಣಿ ಆ ರಾತ್ರಿ, "ನಾನೂ ನನ್ ಅಭಿಪ್ರಾಯ ಹೇಳ್ಲಾ?"

"ಬ್ಯಾಡ ಕಣೆ" ಎಂದ ಚೆಲುವಯ್ಯ. ಬೆಳಗಾದ ಮೇಲೆ ಪಂಚಾಯಿತಿಗೆ ಓಡಿದ.

"ಸಾ, ನಾನ್ ಒಪ್ಪಿದ್ನಲ್ಲ, ಅದನ್ನ ವಾಪಸ್ ತಗತೀನಿ."

ಅನಂತರಾಜು ಅವನನ್ನು ಕನಿಕರದಿಂದ ನೋಡಿದರು. "ಅದು ಹೇಗೆ ಸಾಧ್ಯ? ಒಪ್ಪಿದ್ದು ಸಾರ್ವಜನಿಕರು. ನೀವು ಒಬ್ಬ ಖಾಸಗಿ ವ್ಯಕ್ತಿ. ಸಾರ್ವಜನಿಕರು ಕೊಟ್ಟ ಒಪ್ಪಿಗೆಯನ್ನ ಖಾಸಗಿ ವ್ಯಕ್ತಿ ವಾಪಸ್ ತಗೊಳ್ಳೋಕೆ ಬರಲ್ಲ."

"ಆ ಸಾರ್ವಜನಿಕ ನಾನೇ ಅಲ್ವಾ ಸಾ? ನೀವೇ ಅಂದ್ರಲ್ಲ ಮೊನ್ನೆ."

"ಅವತ್ತು ಸಭೆಯಲ್ಲಿದ್ರಿ, ಸಾರ್ವಜನಿಕರಾಗಿದ್ರಿ. ಇವತ್ತು ಸಭೆ ಇಲ್ಲ."

"ಹಂಗಾದ್ರೆ ಸಭೆ ಕರೀರಿ."

"ಅದನ್ನ ಸಾರ್ವಜನಿಕರು ಕೇಳಬೇಕು."

ಚೆಲುವಯ್ಯ ಅಲ್ಲೇ ಬೆಂಚಿನ ಮೇಲೆ ಕೂತು, ಇದನ್ನು ಬಹಳ ಹೊತ್ತು ಯೋಚಿಸಿದ. ಎಲ್ಲಿಂದ ಹಿಡಿದರೂ ಅದು ಜಾರುತ್ತಿತ್ತು.

ಇದ್ದಕ್ಕಿದ್ದಂತೆ ಒಂದು ಗುರುವಾರ ಮುಖ್ಯಾಧಿಕಾರಿಗಳೇ ಅವನನ್ನು ಹುಡುಕಿಕೊಂಡು ಬೀದಿಯ ತುದಿಗೆ ಬಂದರು. ಅವರ ಹಣೆಯಲ್ಲಿ ಬೆವರಿತ್ತು. ಅನುದಾನ ಕೊಡುವ ಸಂಸ್ಥೆಯಿಂದ ರಮ್ಯಾ ಎಂಬ ಅಧಿಕಾರಿ ಹೇಳದೆ ಕೇಳದೆ ಬಂದಿಳಿದು, ಪಂಚಾಯಿತಿ ಕಚೇರಿಯಲ್ಲಿ ಕೂತು, "ಅಭಿಪ್ರಾಯ ಕೊಟ್ಟ ಸಾರ್ವಜನಿಕರನ್ನ ನೋಡಬೇಕು" ಎನ್ನುತ್ತಿದ್ದರಂತೆ.

"ನಿಮ್ಮ ಮನೆಗೇ ಕರ್ಕೊಂಡು ಬರ್ತೀನಿ. ಒಪ್ಪಿದ್ದೀವಿ ಅಂತ ಒಂದು ಮಾತು ಹೇಳಿಬಿಡಿ ಸಾಕು. ನಿಮ್ಮ ಮೂಲೆಯಲ್ಲಿ ಲಾರಿ ಸಿಕ್ಕಿಕೊಳ್ಳೋದನ್ನ ನಾನು ಸರಿಮಾಡಿಸ್ತೀನಿ. ಮನೇಲಿ ಬೇರೆ ಯಾರೂ ಇಲ್ಲ ತಾನೆ?"

"ಇಲ್ಲ ಸಾ, ಮನೆಯೋರಷ್ಟೇ" ಎಂದ ಚೆಲುವಯ್ಯ. ಸುಳ್ಳು ಹೇಳಬೇಕೆಂದಲ್ಲ. ಅಷ್ಟು ದಿನದಲ್ಲಿ ಅವನಿಗೆ ಅವರೆಲ್ಲ ಮನೆಯವರೇ ಆಗಿಬಿಟ್ಟಿದ್ದರು.

ರಮ್ಯಾ ಹೊಸ್ತಿಲು ದಾಟಿ ಒಳಗೆ ಬಂದು ನಿಂತರು. ಮೂವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲಿ ಬಟ್ಟೆಚೀಲ. ಎದುರಿಗೆ ರಾಗಿ ಮೂಟೆ, ತಕ್ಕಡಿ, ಹಿಟ್ಟು ಮೆತ್ತಿದ ಹನುಮಂತಯ್ಯ. ಬಲಕ್ಕೆ ಪೆಡಲು ತುಳಿಯುತ್ತಿದ್ದ ಮಕ್ಬೂಲ್. ಎಡಕ್ಕೆ ಬೆಂಚು, ಮೂರು ಪೇಪರು. ಅಡಿಗೆಮನೆಯ ತನಕ ಜನ. ನಡುವೆ ಮಂಚದ ಮೇಲೆ ದೊಡ್ಡಲಕ್ಷ್ಮಮ್ಮ. ಅನಂತರಾಜು ಬಾಗಿಲಲ್ಲೇ ಗೋಡೆ ಹಿಡಿದುಕೊಂಡರು.

"ಇವರೆಲ್ಲ ಯಾರು?" ಎಂದರು ರಮ್ಯಾ.

"ನಾವೇ ಕಣವ್ವ," ಎಂದಳು ದೊಡ್ಡಲಕ್ಷ್ಮಮ್ಮ, ಮಂಚದ ಮೇಲಿನ ಕೆಂಪು ಗೀಟು ತೋರಿಸಿ, "ರಸ್ತೆಗ್ ಹೋದ ಹದಿನೈದಡಿ. ಬಾ, ಕುಂತ್ಕೊ."

ರಮ್ಯಾ ಮಂಚದ ತುದಿಯಲ್ಲಿ ಕೂತರು. ರಾಧಾಮಣಿ ಕಾಫಿ ತಂದುಕೊಟ್ಟಳು. ಅನಂತರಾಜು ಗಂಟಲು ಸರಿಮಾಡಿಕೊಂಡು, "ಮೇಡಂ, ಸಭೆಗೆ ಇನ್ನೂರು ಕುರ್ಚಿ ಹಾಕಿಸಿದ್ವಿ. ಸಾರ್ವಜನಿಕರು ಮನಃಪೂರ್ವಕವಾಗಿ ಒಪ್ಪಿದ್ರು. ಇಗೋ, ಇವರನ್ನೇ ಕೇಳಿ" ಎಂದು ಚೆಲುವಯ್ಯನನ್ನು ಮುಂದೆ ತಳ್ಳಿದರು.

ಎಲ್ಲರ ಕಣ್ಣೂ ಚೆಲುವಯ್ಯನ ಮೇಲೆ. ಹೊಲಿಗೆ ಮೆಷೀನು ನಿಂತಿತು. ಒಂದು ಕಡೆ ಮುಖ್ಯಾಧಿಕಾರಿ. ನಾಳೆ ಪಂಚಾಯಿತಿಯ ಯಾವ ಕಾರ್ಯಕ್ರಮಕ್ಕೂ ತನ್ನನ್ನು ಕರೆಯದೆ ಹೋಗಬಹುದು. ಇನ್ನೊಂದು ಕಡೆ ಬೀದಿ. ಅದು ಈಗಾಗಲೇ ಕರೆಯುವುದನ್ನು ಬಿಟ್ಟಿತ್ತು. ಅವನು ಮಕ್ಬೂಲನ ಕಡೆ ನೋಡಿದ. ಮಕ್ಬೂಲ್ ಸೂಜಿಯ ಕಡೆ ನೋಡಿದ.

"ತಾಯಿ," ಎಂದ ಚೆಲುವಯ್ಯ, "ಕುರ್ಚಿ ಇನ್ನೂರು ದಿಟ. ನಂದೇ ಕುರ್ಚಿ. ಜನ ನಾನೊಬ್ನೇ. ಅದೂ ಕುರ್ಚಿ ಎತ್ಕೊಂಡ್ ಹೋಗಕ್ ಬಂದೋನು. ಅಲ್ಲಿ ಬೀಗರೂಟಕ್ಕೆ ಜನ ಎಲೆ ಮುಂದೆ ನಿಂತಿದ್ರು. ಎಲ್ಲಿ ಮಾಂಸ ಮುಗ್ದೋಯ್ತದೋ ಅಂತ ನಾನು ಎಲ್ಲದಕ್ಕೂ ಆಗ್ಲಿ ಅಂದ್ಬುಟ್ಟೆ. ಏನ್ ಕೇಳುದ್ರು ಅಂತ ದೇವ್ರಾಣೆ ನಂಗ್ ಗೊತ್ತಿಲ್ಲ. ಊರು ನಂದೊಬ್ಬಂದಾ? ನಾನ್ ಎಂಗೆ ಕೊಡ್ಲಿ?"

ರಮ್ಯಾ ಅನಂತರಾಜು ಅವರ ಕಡೆ ತಿರುಗಿದರು. "ಅವತ್ತು ನಿಮಗೆ ಊಟ ಸಿಕ್ತಾ?"

"ಎರಡನೇ ಪಂಕ್ತಿ ಮೇಡಂ" ಎಂದರು ಅವರು, ಬಾಯಿತಪ್ಪಿ ನಿಜ ಹೇಳಿ.

ಬೆಂಚಿನ ಮೇಲಿನ ಮೂವರಲ್ಲಿ ಒಬ್ಬ ಪೇಪರಿನ ಹಿಂದೆ ಕಿಸಕ್ಕೆಂದ. ಆಮೇಲೆ ಇಡೀ ಮನೆ ನಕ್ಕಿತು. ದೊಡ್ಡಲಕ್ಷ್ಮಮ್ಮ ಕೆಮ್ಮುವವರೆಗೆ ನಕ್ಕಳು. ರಮ್ಯಾ ಮಾತ್ರ ನಗು ತಡೆದುಕೊಂಡು, "ಸರಿ, ಈಗ ಕೇಳ್ತೀನಿ. ಈ ಬೀದಿಗೆ ಏನು ಬೇಕು?" ಎಂದರು.

ಅದಾದ ಮೇಲೆ ನಡೆದದ್ದು ಸಭೆ. ಹನುಮಂತಯ್ಯನಿಗೆ ಕರೆಂಟು ಬೇಕಿತ್ತು. ರವಿಕೆ ಹೊಲಿಸಲು ಬಂದ ಹೆಂಗಸರಿಗೆ ನಲ್ಲಿ ನೀರು ಬೇಕಿತ್ತು. ಬೆಂಚಿನವರಿಗೆ ಇನ್ನೊಂದು ಬೆಂಚು ಬೇಕಿತ್ತು. ಕಂಟೇನರ್ ಲಾರಿ ಕೆರೆ ಆಚೆಯ ಬಯಲಲ್ಲಿ ಹೋಗಲಿ ಎಂದು ಒಬ್ಬ, ಬರಲೇ ಬೇಕಾಗಿಲ್ಲ ಎಂದು ಒಬ್ಬ, ಬರಲಿ ಆದರೆ ನಿಂತು ಬೀಡಾ ಹಾಕಿಕೊಂಡು ಹೋಗಲಿ ಎಂದು ಬೀಡಾ ಅಂಗಡಿಯವ. ಎರಡು ಗಂಟೆ ಕೂಗಾಡಿದರೂ ಒಂದೇ ಒಂದು ವಿಷಯದಲ್ಲಿ ಎಲ್ಲರೂ ಒಂದಾದರು: ಬೀದಿಗೆ ತಿರುಗುವ ಮೂಲೆಯಲ್ಲಿ ದಿನಾ ಗಾಡಿಗಳು ಸಿಕ್ಕಿಕೊಳ್ಳುತ್ತವೆ, ಆ ಮೂಲೆ ಒಂದು ಮೊಳ ಹಿಂದಕ್ಕೆ ಹೋಗಬೇಕು.

"ಅಲ್ಲೇನಿದೆ ಆ ಮೂಲೆಯಲ್ಲಿ?" ಎಂದರು ರಮ್ಯಾ.

ಎಲ್ಲರೂ ಅನಂತರಾಜು ಅವರನ್ನು ನೋಡಿದರು.

"ಪಂಚಾಯಿತಿ ಕಾಂಪೌಂಡು" ಎಂದರು ಅನಂತರಾಜು ಸಣ್ಣ ದನಿಯಲ್ಲಿ. "ಒಸಿ ರಸ್ತೆಗೆ ಬಂದಿದೆ."

ಪೇಟೆ ಬೀದಿಯ ಅಗಲೀಕರಣ ನಕ್ಷೆಯಿಂದ ಹೋಯಿತು. ಕ್ರಮವಾಗಿ ಇನ್ನೊಂದು ಸಭೆ ಕರೆದಾಗ ನಿಲ್ಲಲೂ ಜಾಗವಿರದಷ್ಟು ಜನ ಬಂದರು. ಅಧ್ಯಕ್ಷರು ಆ ದಿನ ಯಾವ ನೆಂಟರಿಗೂ ಊಟ ಹಾಕಿಸಲಿಲ್ಲ. ದೀಪಾವಳಿಗೆ ಮುಂಚೆ ಪಂಚಾಯಿತಿಯೇ ತನ್ನ ಕಾಂಪೌಂಡಿನ ಮೂಲೆ ಒಡೆಸಿತು. ಅದನ್ನು ನೋಡಲು ಊರು ಸೇರಿದ್ದರಿಂದ ಅಂದೂ ಚೆಲುವಯ್ಯನ ಕುರ್ಚಿಗಳಿಗೆ ಕೆಲಸವಾಯಿತು.

ಬೀದಿ ಮನೆಯಿಂದ ಹೊರಟಿತು. ಹನುಮಂತಯ್ಯ ಮೂಟೆ ಹೊತ್ತ. ಬೆಂಚಿನ ಮೂವರು ಎದ್ದು ನಿಂತು, ಬೆಂಚು ಹೋದ ಮೇಲೆ ಅದರ ಹಿಂದೆ ಹೋದರು. ಮಕ್ಬೂಲ್ ಬೊಂಬೆಯನ್ನು ಕಂಕುಳಲ್ಲಿ ಅವಚಿಕೊಂಡು ಹೊರಟವನು, ಬಾಗಿಲಲ್ಲಿ ತಿರುಗಿ, "ಅಂಗಿ ಕೊಡು ಭಾಯ್, ತೋಳು ಹಾಕ್ಕೊಡ್ತೀನಿ" ಎಂದ. ಚೆಲುವಯ್ಯ ಅಂಗಿ ತಂದುಕೊಟ್ಟ. "ಅಳತೆ ಜಾಸ್ತಿ ಆಗಿರ್ಬೋದು ಕಣ್ಲಾ, ತಿಂಗಳಿಂದ ಊಟ ಸೇರಿಲ್ಲ" ಎಂದ. "ನಿನ್ ಅಳತೆ ನಿನ್ನನ್ ಕೇಳಲ್ಲ" ಎಂದ ಮಕ್ಬೂಲ್.

ಉಳಿದದ್ದು ಒಂದು ಮಂಚ.

ದೊಡ್ಡಲಕ್ಷ್ಮಮ್ಮ ಅಂದು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಕಾಫಿ ಹೊತ್ತಿಗೆ ಎದ್ದು ಕೂರುತ್ತಿದ್ದಳು, ಸಂಜೆ ರಾಧಾಮಣಿಯ ಜೊತೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದಳು, ಅದರೊಳಗಿನ ಅತ್ತೆಯನ್ನು ಬಾಯ್ತುಂಬ ಬೈಯುತ್ತಿದ್ದಳು. ಇಬ್ಬರೂ ಸೇರಿ ಚೆಲುವಯ್ಯನಿಗೆ ಗೊತ್ತಿಲ್ಲದ ಯಾವುದೋ ವಿಷಯಕ್ಕೆ ನಗುತ್ತಿದ್ದರು. ಅವನು ಒಂದು ಸಲ ಧೈರ್ಯ ಮಾಡಿ, "ಅಜ್ಜಿ, ಗೀಟೆಲ್ಲ ಅಳಿಸಾಯ್ತಲ್ಲ" ಎಂದ. "ಹೂಂ ಕಣ್ಲಾ, ಒಳ್ಳೇದಾಯ್ತು" ಎಂದು ಅವಳು ಮಗ್ಗುಲು ಬದಲಿಸಿದಳು.

ಐದಾರು ದಿನದ ಮೇಲೆ ಹನುಮಂತಯ್ಯನ ಹೆಂಡತಿ ಗೌರಮ್ಮ ಬಂದಳು. ಅಜ್ಜಿಯ ಸೊಸೆ. ಬಾಗಿಲಲ್ಲಿ ಅವಳನ್ನು ಕಂಡು ಚೆಲುವಯ್ಯನ ಜೀವ ಹಗುರಾಯಿತು.

"ಬಾರವ್ವ ಬಾ. ಅತ್ತೆನ ಕರ್ಕೊಂಡೋಗಕ್ ಬಂದ್ಯಾ?"

ಗೌರಮ್ಮ ಕಂಕುಳಲ್ಲಿದ್ದ ದಿಂಬು, ಎಲೆಅಡಿಕೆ ಕುಟ್ಟುವ ಕಲ್ಲು, ಒಂದು ಕಂಬಳಿ, ಮೂರನ್ನೂ ಅವನ ಕೈಗೆ ಇಟ್ಟಳು.

"ಚಳಿ ಸುರು ಆಯ್ತು ಕಣಣ್ಣ. ಅತ್ತೆಗೆ ಈ ದಿಂಬೇ ಆಗ್ಬೇಕು. ರಾತ್ರಿ ಎಲ್ಡ್ ಸಲ ನೀರ್ ಕೇಳ್ತಾರೆ, ಬೆಳಗಿನ್ ಜಾವ ಕಾಲ್ ಒತ್ತು ಅಂತಾರೆ. ನಿಮ್ಗೂ ನಿದ್ದೆ ಕಮ್ಮಿಯಂತಲ್ಲ, ಅನುಕೂಲ ಆಯ್ತು" ಎಂದು, ಅವನು ಬಾಯಿ ತೆರೆಯುವುದರೊಳಗೆ ಬೀದಿ ದಾಟಿ ತನ್ನ ಮನೆಯ ಬಾಗಿಲು ಹಾಕಿಕೊಂಡಳು.

ಚೆಲುವಯ್ಯ ದಿಂಬು ಹಿಡಿದು ಒಳಗೆ ಬಂದ. ರಾಧಾಮಣಿ ಟಿವಿಯಿಂದ ಕಣ್ಣು ತೆಗೆಯದೆ ಗೋಡೆಯ ಕಡೆ ಸರಿದು ಅವನಿಗೆ ದಾರಿ ಬಿಟ್ಟಳು. ದೊಡ್ಡಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡೇ ತಲೆಯೆತ್ತಿದಳು. ಅವನು ದಿಂಬನ್ನು ಅದರ ಕೆಳಗಿಟ್ಟ. ಅವಳು ತಲೆಯನ್ನು ಆಚೆ ಈಚೆ ಹೊರಳಿಸಿ ನೋಡಿದಳು.

"ಇನ್ನೊಂದ್ ದಿಂಬೈತೆ ನನ್ ಸೊಸೆತಾವ," ಎಂದಳು. "ಕೊಡಲ್ಲ ಅಂತಾಳೆ. ಹೋಗಿ ಜೋರ್ ಮಾಡಿ ಇಸ್ಕೊಂಬಾ ಹೋಗು."